ಜಾಂಬಿಯಾದಲ್ಲಿ ತಾಮ್ರವೂ ಇದೆ, ನೀರೂ ಇದೆ. ಆದರೂ ಕರೆಂಟ್ ಯಾಕಿಲ್ಲ?

"ಜಾಂಬಿಯಾದಲ್ಲಿ ಇಷ್ಟೊಂದು ತಾಮ್ರ ಇದೆ, ದೊಡ್ಡ ಅಣೆಕಟ್ಟೂ ಇದೆ. ಆದರೂ ದಿನಪೂರ್ತಿ ಕರೆಂಟ್ ಇರಲ್ಲ ಅಂತಾರೆ, ನಿಜಾನಾ? ಅಲ್ಲಿ ಕೆಲಸ ಸಿಕ್ಕಿದೆ, ಹೋಗಬಹುದಾ?" ಅಂತ ಕೇಳಿದ್ದೀರಿ. ನಾನು ಇಲ್ಲಿನ ರಾಜಧಾನಿ ಲುಸಾಕಾದ ಕಮ್ವಾಲಾ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಜನರೇಟರಿನ ಡೀಸೆಲ್ ಬಿಲ್ಲು ಬರುವುದು ನನ್ನ ಮೇಜಿಗೇ. ಹಾಗಾಗಿ ಇದಕ್ಕೆ ಉತ್ತರ ಕೊಡೋ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ನಿಜ. ಈ ದೇಶದ ಕರೆಂಟಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ನೀರಿನಿಂದಲೇ ಬರಬೇಕು. ಜಾಂಬೆಜಿ ನದಿಯ ಕರಿಬಾ ಅಣೆಕಟ್ಟು, ಆಮೇಲೆ ಕಫುವೆ ನದಿಯ ವಿದ್ಯುತ್ ಕೇಂದ್ರಗಳು. ಕರಿಬಾ ಎಷ್ಟು ದೊಡ್ಡದು ಗೊತ್ತಾ? ನಮ್ಮ ಕೆ.ಆರ್.ಎಸ್. ತುಂಬಿದರೆ 49 ಟಿಎಂಸಿ, ಕರಿಬಾ ತುಂಬಿದರೆ 6,000 ಟಿಎಂಸಿಗೂ ಜಾಸ್ತಿ. ಆದರೆ ಅದರಲ್ಲಿ ಬಹುಪಾಲು ಟರ್ಬೈನಿಗೆ ನೀರು ಹೋಗುವ ಬಾಯಿಗಿಂತ ಕೆಳಗೇ ಉಳಿದುಬಿಡುತ್ತದೆ. ಕಣ್ಣಿಗೆ ಸಮುದ್ರ ಕಂಡರೂ ಕರೆಂಟಿಗೆ ಸಿಗುವುದು ಮೇಲಿನ ಕೆಲವು ಮೀಟರ್ ಮಾತ್ರ. ಅದರಲ್ಲೂ ಆಚೆ ದಡದ ಜಿಂಬಾಬ್ವೆಗೆ ಪಾಲು ಕೊಡಬೇಕು.

2024ರಲ್ಲಿ ಮಳೆ ಕೈಕೊಟ್ಟಿತು. ಫೆಬ್ರವರಿ ಕೊನೆಗೆ ಅಧ್ಯಕ್ಷ ಹಿಚಿಲೆಮಾ ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿದರು. ಮೊದಲು ಮೆಕ್ಕೆಜೋಳದ ಬೆಳೆ ಹೋಯಿತು. ಇಲ್ಲಿನವರ ದಿನನಿತ್ಯದ ಊಟ ಎನ್‌ಶಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅದಕ್ಕೇ ಕುತ್ತು ಬಂತು. ಹಿಂದೆಯೇ ಜಲಾಶಯ ಇಳಿಯಿತು. ವರ್ಷದ ಕೊನೆಗೆ ಕೆಲವು ಬಡಾವಣೆಗಳಲ್ಲಿ ದಿನಕ್ಕೆ ಮೂರು ಗಂಟೆ ಕರೆಂಟ್ ಬಂದರೆ ಪುಣ್ಯ. ನಮ್ಮ ಬೀದಿಯ ಕ್ಷೌರದಂಗಡಿಯವನು ರಾತ್ರಿ ಕರೆಂಟ್ ಬಂದಾಗ ಬಾಗಿಲು ತೆಗೆಯುತ್ತಿದ್ದ, ಗಿರಾಕಿಗಳು ಎದ್ದು ಬರುತ್ತಿದ್ದರು. ಕೋಳಿ ಮಾಂಸ ಮಾರುವವಳು ಫ್ರಿಡ್ಜ್ ಖಾಲಿ ಮಾಡಿ, ಅದರ ಮೇಲೆ ಟೊಮೆಟೊ ಗುಡ್ಡೆ ಹಾಕಿ ಮಾರಿದಳು. ಅಡುಗೆಗೆ ಎಲ್ಲರ ಮನೆ ಮುಂದೆಯೂ ಎಂಬಾವುಲಾ, ಅಂದರೆ ಇದ್ದಿಲ ಒಲೆ. ಕಾಡಿನ ಗತಿ ಏನಾಯಿತು ಅಂತ ಬೇರೆ ಹೇಳಬೇಕಾ?

ಈಗ ವಿಚಿತ್ರ ನೋಡಿ. ಅದೇ ವರ್ಷ ತಾಮ್ರದ ಉತ್ಪಾದನೆ 8 ಲಕ್ಷ ಟನ್ ದಾಟಿತು, ಹಿಂದಿನ ವರ್ಷಕ್ಕಿಂತ ಜಾಸ್ತಿ! ದೇಶದ ಹೆಚ್ಚುಕಡಿಮೆ ಅರ್ಧ ಕರೆಂಟನ್ನು ಗಣಿಗಳೇ ನುಂಗುತ್ತವೆ. ನೀರು ಸಾಲದಾಗ ಹೊರದೇಶದಿಂದ ಕರೆಂಟ್ ತರಿಸಿಕೊಂಡರು. ಅವರಿಗೆ ಡಾಲರ್ ಬರುತ್ತದೆ, ತರಿಸಿಕೊಳ್ಳಬಲ್ಲರು. ಕ್ಷೌರದಂಗಡಿಯವನಿಗೆ ಬರುವುದು ಇಲ್ಲಿನ ಹಣ ಕ್ವಾಚಾ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಒಂದೇ ದೇಶದಲ್ಲಿ ಎರಡು ಸಂಸಾರ, ಎರಡು ಒಲೆ.

ಹಾಗಂತ ಗಣಿಯವರದ್ದು ಬರೀ ಸುಖ ಅಂತಲ್ಲ. ಜಾಂಬಿಯಾಕ್ಕೆ ಕಡಲಿಲ್ಲ. ತಾಮ್ರ ಹೊತ್ತ ಲಾರಿ ನೋಡಿದರೆ ಅರ್ಧ ಖಾಲಿ ಅನಿಸುತ್ತದೆ, ಪಟ್ಟಿ ಬಿಗಿದ ಹಾಳೆಗಳ ಕೆಲವೇ ಕಟ್ಟು. ಆದರೆ ಅಷ್ಟಕ್ಕೇ ಮೂವತ್ತು ಟನ್! ಹಾಗೇ ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ ಸುಮಾರು 2,000 ಕಿ.ಮೀ. ಹೋಗಬೇಕು. ಆ ದಾರಿಗೆಂದೇ ಚೀನಾದವರು 1970ರ ದಶಕದಲ್ಲಿ 1,860 ಕಿ.ಮೀ. ಉದ್ದದ ತಜಾರಾ ರೈಲು ಕಟ್ಟಿಕೊಟ್ಟರು. ಅದು ಸೊರಗಿ, ಸರಕು ಬಹುಪಾಲು ರಸ್ತೆಗೆ ಬಂತು. ರಸ್ತೆ ಹಾಳಾಗುವುದಕ್ಕೆ ಅಷ್ಟು ಸಾಕಲ್ವಾ?

ಲಾಭ ಯಾರಿಗೆ ಅನ್ನುವ ಜಗಳ ಹಳೆಯದು. 2008ರಲ್ಲಿ ಹೆಚ್ಚುವರಿ ಲಾಭದ ಮೇಲೆ ತೆರಿಗೆ ಹಾಕಿದರು, ಮರುವರ್ಷವೇ ತೆಗೆದರು. 2014ರಲ್ಲಿ ವೇದಾಂತ ಗಣಿ ಕಂಪನಿಯ ಅನಿಲ್ ಅಗರ್ವಾಲ್ ನಮ್ಮ ಬೆಂಗಳೂರಿನದೇ ಒಂದು ಸಭೆಯಲ್ಲಿ, ಇಲ್ಲಿನ ಕೊಂಕೋಲಾ ಗಣಿಯನ್ನು ಎಷ್ಟು ಅಗ್ಗಕ್ಕೆ ಕೊಂಡೆವು ಅಂತ ಹೇಳಿಕೊಂಡರು. ಆ ವಿಡಿಯೊ ಇಲ್ಲಿ ಬೆಂಕಿ ಹಚ್ಚಿತು. 2019ರಲ್ಲಿ ಸರ್ಕಾರ ಗಣಿಯನ್ನು ಅವರ ಕೈಯಿಂದ ತೆಗೆಯಿತು, 2024ರಲ್ಲಿ ಮತ್ತೆ ಅವರಿಗೇ ಹೋಯಿತು! ನಡುವೆ 2020ರ ನವೆಂಬರಿನಲ್ಲಿ ದೇಶ ಸಾಲದ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತ್ತು.

ಕೆಲಸಕ್ಕೆ ಬನ್ನಿ, ಜನ ಒಳ್ಳೆಯವರು. ಸಹಿ ಹಾಕುವ ಮೊದಲು ಎರಡು ಕೇಳಿ: ಸಂಬಳ ಡಾಲರಿನಲ್ಲೋ ಕ್ವಾಚಾದಲ್ಲೋ? ಕೊಡುವ ಮನೆಗೆ ಸೋಲಾರ್ ಇದೆಯೋ ಇಲ್ಲವೋ? ಬೋರ್‌ವೆಲ್ ಇದೆ ಅಂದರೆ ಅದರ ಪಂಪ್ ಯಾವುದರಿಂದ ಓಡುತ್ತದೆ ಅಂತಲೂ ಕೇಳಿಬಿಡಿ.