ಅಮೆರಿಕದಲ್ಲಿ ಎಲ್ಲರಿಗೂ ಚಿಕಿತ್ಸೆ ಸಿಗಬೇಕಾದರೆ ಸರ್ಕಾರ ಇನ್ನಷ್ಟು ದುಡ್ಡು ಹಾಕಿದರೆ ಸಾಕಾ?

ಅಷ್ಟು ಶ್ರೀಮಂತ ದೇಶದಲ್ಲೂ ಜನ ಆಸ್ಪತ್ರೆ ಬಿಲ್ಲಿಗೆ ಯಾಕೆ ಹೆದರುತ್ತಾರೆ, ಸರ್ಕಾರ ಇನ್ನೂ ಸ್ವಲ್ಪ ದುಡ್ಡು ಸುರಿದರೆ ಸರಿಹೋಗುವುದಿಲ್ವಾ ಅಂತ ಕೇಳಿದ್ದೀರಿ. ಅಲ್ಲಿ ನಿಮ್ಮ ಅಣ್ಣ ಇದ್ದಾರೆ ಅಂತಲೂ ಬರೆದಿದ್ದೀರಿ.

ದುಡ್ಡೊಂದರಿಂದ ಸರಿಹೋಗುವುದಿಲ್ಲ. 2023ರಲ್ಲಿ ಅಮೆರಿಕ ಆರೋಗ್ಯಕ್ಕೆ ಸುಮಾರು 4.9 ಲಕ್ಷ ಕೋಟಿ ಡಾಲರ್ ಖರ್ಚು ಮಾಡಿದೆ. ದೇಶದ ಒಟ್ಟು ಉತ್ಪನ್ನದಲ್ಲಿ 17.6%. ಆದರೂ ಆ ವರ್ಷ ಸುಮಾರು 2.6 ಕೋಟಿ ಜನಕ್ಕೆ ಯಾವ ವಿಮೆಯೂ ಇರಲಿಲ್ಲ.

ನಾನು ಬೆಂಗಳೂರಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳಿಗೆ ಬಿಲ್ ವಸೂಲಿ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಎಆರ್ ಕಾಲರ್ ಅಂತಾರೆ. ನೈಟ್ ಶಿಫ್ಟ್. ಇನ್ಶೂರೆನ್ಸ್ ಕಂಪನಿಗೆ ಫೋನ್ ಹಚ್ಚಿ, ಈ ಕ್ಲೇಮ್ ಯಾಕೆ ಡಿನೈ ಆಯ್ತು ಅಂತ ಕೇಳುವುದು. ಕಾರಣವನ್ನು ಕಂಪನಿ ಕೋಡ್‌ನಲ್ಲಿ ಹೇಳುತ್ತದೆ. ಸಿಒ-197 ಅಂದರೆ ಮೊದಲೇ ಅನುಮತಿ ತಗೊಂಡಿಲ್ಲ. ಸಿಒ-29 ಅಂದರೆ ಕ್ಲೇಮ್ ಕಳಿಸುವ ಗಡುವು ದಾಟಿದೆ. ಪಿಆರ್-1 ಅಂದರೆ ಡಿಡಕ್ಟಿಬಲ್, ವಿಮೆ ಕೈಹಿಡಿಯುವ ಮುಂಚೆ ರೋಗಿ ತನ್ನ ಜೇಬಿನಿಂದ ಕೊಡಬೇಕಾದ ಮೊತ್ತ. ಸಿಒ ಬಂದರೆ ಜಗಳ ಆಸ್ಪತ್ರೆಗೂ ಕಂಪನಿಗೂ. ಪಿಆರ್ ಬಂದರೆ ಬಿಲ್ಲು ಸೀದಾ ರೋಗಿಯ ಮನೆಗೆ. ವಿಮೆ ಇದ್ದವರ ಪಾಡೇ ಇದು.

ಅಲ್ಲಿನ ವ್ಯವಸ್ಥೆಯನ್ನು ಯಾರೂ ಒಂದೇ ಸಲ ಕೂತು ಯೋಚಿಸಿ ಕಟ್ಟಿದ್ದಲ್ಲ, ಕೌದಿ ಥರ ತುಂಡು ತುಂಡಾಗಿ ಹೊಲಿದದ್ದು. ಎರಡನೇ ಮಹಾಯುದ್ಧದಲ್ಲಿ ಸಂಬಳ ಏರಿಸಬಾರದು ಅಂತ ಸರ್ಕಾರ ಕಟ್ಟು ಹಾಕಿತು. ಕೆಲಸದವರನ್ನು ಸೆಳೆಯಲು ಕಂಪನಿಗಳು ವಿಮೆ ಕೊಡತೊಡಗಿದವು. ಹೀಗೆ ವಿಮೆ ನೌಕರಿಗೆ ಗಂಟು ಬಿತ್ತು. 1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂತು. 2010ರಲ್ಲಿ ಇನ್ನಷ್ಟು ಜನಕ್ಕೆ ವಿಮೆ ಸಿಗಲಿ ಅಂತ ಒಬಾಮಾ ಕಾಲದ ಕಾನೂನು ಬಂತು.

ಬಟ್ಟೆ ಎಲ್ಲಿ ಕಮ್ಮಿ ಬಿದ್ದಿದೆ ಅಂತ ನೋಡಬೇಕಾದರೆ ಟೆಕ್ಸಾರ್ಕಾನಾ ಊರನ್ನು ನೋಡಿ. ಸ್ಟೇಟ್ ಲೈನ್ ಅವೆನ್ಯೂ ಅನ್ನೋ ರಸ್ತೆಯ ಒಂದು ಕಡೆ ಟೆಕ್ಸಾಸ್, ಇನ್ನೊಂದು ಕಡೆ ಅರ್ಕಾನ್ಸಾಸ್. ಮಕ್ಕಳಿಲ್ಲದ ಒಂಟಿ ಮನುಷ್ಯ, ವರ್ಷಕ್ಕೆ 12,000 ಡಾಲರ್ ದುಡಿಮೆ ಅಂತಿಟ್ಟುಕೊಳ್ಳಿ. ಅರ್ಕಾನ್ಸಾಸ್ ಕಡೆ ಮನೆ ಇದ್ದರೆ ಮೆಡಿಕೇಡ್ ದುಡ್ಡಲ್ಲಿ ವಿಮೆ ಸಿಗುತ್ತದೆ. ಟೆಕ್ಸಾಸ್ ಕಡೆ ಇದ್ದರೆ ಇಲ್ಲ. ವಿಮೆ ಕೊಳ್ಳಲು ಸಬ್ಸಿಡಿ ಸಿಗಲಿ ಅಂದರೆ, ಅದು ಶುರುವಾಗುವುದೇ ಬಡತನ ರೇಖೆಯಿಂದ ಮೇಲೆ, ಇವನ ದುಡಿಮೆ ಅದಕ್ಕಿಂತ ಕೆಳಗೆ. ಅಂದರೆ ಸಹಾಯ ಪಡೆಯಲಾಗದಷ್ಟು ಬಡವ! 2010ರ ಕಾನೂನಿನಲ್ಲಿ ಎಲ್ಲ ರಾಜ್ಯಗಳೂ ಮೆಡಿಕೇಡನ್ನು ಇಂಥ ಬಡ ವಯಸ್ಕರಿಗೂ ವಿಸ್ತರಿಸಬೇಕು ಅಂತಲೇ ಇತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾ ಸೇರಿ 10 ರಾಜ್ಯಗಳು ಇನ್ನೂ ಪೂರ್ತಿ ಒಪ್ಪಿಲ್ಲ. ಮೊದಲು ಈ ತೂತು ಮುಚ್ಚಬೇಕು ಅನ್ನುವವನು ನಾನು.

ಹಾಗಂತ ಅರ್ಕಾನ್ಸಾಸ್ ಕಡೆಯವರು ಆರಾಮಾಗಿದ್ದರು ಅಂತಲ್ಲ. 2018ರಲ್ಲಿ ಅಲ್ಲಿ ಹೊಸ ಷರತ್ತು ಬಂತು. ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದೀನಿ ಅಂತ ವರದಿ ಕೊಡಬೇಕು. ಮೊದಮೊದಲು ಅದನ್ನು ಆನ್‌ಲೈನ್‌ನಲ್ಲೇ ಕೊಡಬೇಕಿತ್ತು. ಆ ವೆಬ್‌ಸೈಟೋ, ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ್! ಕೆಲವೇ ತಿಂಗಳಲ್ಲಿ ಸುಮಾರು 18,000 ಜನ ವಿಮೆ ಕಳಕೊಂಡರು. ಅದರಲ್ಲಿ ದುಡಿಯುತ್ತಿದ್ದವರೂ ಇದ್ದರು, ವಿನಾಯಿತಿಗೆ ಅರ್ಹರೂ ಇದ್ದರು. 2019ರಲ್ಲಿ ಕೋರ್ಟು ತಡೆಯಿತು. ಈಗ 2025ರ ಕಾನೂನು ಅದೇ 80 ಗಂಟೆಯನ್ನು ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಿಗೆ ತರುತ್ತಿದೆ, 2027ರಿಂದ. ಸೋಮಾರಿಗಳನ್ನು ಹಿಡಿಯೋಕೆ ಅಂತ ಹೇಳುತ್ತಾರೆ. ಸಿಕ್ಕಿಬೀಳುವವರು ಫಾರ್ಮ್ ತುಂಬಲು ಪುರುಸೊತ್ತಿಲ್ಲದವರು.

ಅಲ್ಲಿ ನಿಜವಾಗಿ ಫಲ ಕೊಟ್ಟ ಬದಲಾವಣೆಗಳನ್ನು ನೋಡಿ, ಹೆಚ್ಚಿನವು ರೋಗಿಯ ಕೈಗೆ ಹೊಸ ಫಾರ್ಮ್ ಕೊಡಲಿಲ್ಲ. 2022ರ ಜನವರಿಯಿಂದ ಒಂದು ಕಾನೂನು ಇದೆ. ನೆಟ್‌ವರ್ಕ್ ಆಸ್ಪತ್ರೆಗೆ, ಅಂದರೆ ವಿಮೆ ಕಂಪನಿ ಜೊತೆ ಒಪ್ಪಂದ ಇರುವ ಆಸ್ಪತ್ರೆಗೆ, ಹೋದಾಗ ಅರಿವಳಿಕೆ ಕೊಟ್ಟ ಡಾಕ್ಟರು ನೆಟ್‌ವರ್ಕ್ ಹೊರಗಿನವರಾದರೂ, ಹೆಚ್ಚುವರಿ ಬಿಲ್ಲನ್ನು ರೋಗಿಗೆ ಕಳಿಸುವಂತಿಲ್ಲ. ಆ ಜಗಳ ಈಗ ಡಾಕ್ಟರಿಗೂ ಕಂಪನಿಗೂ. (ರಸ್ತೆಯಲ್ಲಿ ಓಡುವ ಆಂಬುಲೆನ್ಸನ್ನು ಮಾತ್ರ ಬಿಟ್ಟುಬಿಟ್ಟರು, ಯಾಕೋ.) 2023ರಿಂದ ಮೆಡಿಕೇರ್‌ನಲ್ಲಿ ವಿಮೆಯಲ್ಲಿ ಸೇರಿದ ಪ್ರತಿ ಬಗೆಯ ಇನ್ಸುಲಿನ್‌ಗೂ ರೋಗಿಯಿಂದ ತಿಂಗಳಿಗೆ 35 ಡಾಲರ್‌ಗಿಂತ ಜಾಸ್ತಿ ತಗೊಳ್ಳುವಂತಿಲ್ಲ.

ಬಾಣಂತಿಯರ ವಿಷಯವೂ ಹಾಗೇ. ಅಲ್ಲಿ 10 ಹೆರಿಗೆಯಲ್ಲಿ ಸುಮಾರು 4ರ ಖರ್ಚು ಮೆಡಿಕೇಡ್‌ನದು. ಮೊದಲು ಹೆರಿಗೆಯಾಗಿ 60 ದಿನಕ್ಕೆ ಎಷ್ಟೋ ತಾಯಂದಿರ ವಿಮೆ ಮುಗಿಯುತ್ತಿತ್ತು. ಈಗ ಹೆಚ್ಚುಕಮ್ಮಿ ಎಲ್ಲ ರಾಜ್ಯಗಳಲ್ಲೂ ಒಂದು ವರ್ಷ. ಆದರೆ 2023ರಲ್ಲಿ ಲಕ್ಷ ಹೆರಿಗೆಗೆ ತಾಯಂದಿರ ಸಾವು ಬಿಳಿಯರಲ್ಲಿ 14.5, ಕಪ್ಪು ಜನಾಂಗದವರಲ್ಲಿ 50.3. ಚೆನ್ನಾಗಿ ಓದಿ ಒಳ್ಳೆ ಸಂಬಳ ಇರುವ ಕಪ್ಪು ಹೆಂಗಸರಲ್ಲೂ ಈ ಅಂತರ ಹೋಗಿಲ್ಲ. ನೋವು ಅಂದಾಗ ಡಾಕ್ಟರು ಕಿವಿಗೊಡಬೇಕಲ್ಲ, ಅದನ್ನು ವಿಮೆ ಕಾರ್ಡು ಕೊಡಿಸುವುದಿಲ್ಲ.

ನಿಮ್ಮ ಅಣ್ಣನಿಗೆ ಒಂದು ಮಾತು ಹೇಳಿ. ಲಾಭರಹಿತ ಆಸ್ಪತ್ರೆಗಳು ಬಡವರ ಬಿಲ್ ಪೂರ್ತಿಯೋ ಅರ್ಧವೋ ಬಿಡುವ ನಿಯಮವನ್ನು ಬರೆದಿಟ್ಟಿರಲೇಬೇಕು. ಡಿಸ್ಚಾರ್ಜ್ ಆದ ಮೇಲಿನ ಮೊದಲ ಬಿಲ್ಲಿನಿಂದ 240 ದಿನದವರೆಗೆ ಅರ್ಜಿ ಹಾಕಬಹುದು. ಕೇಳದಿದ್ದರೆ ಎಷ್ಟೋ ಕಡೆ ಯಾರೂ ತಾವಾಗಿ ಹೇಳುವುದಿಲ್ಲ. ಆಸ್ಪತ್ರೆಯೇ ಮೊದಲು ವಿಚಾರಿಸಿ ಆಮೇಲೆ ಬಿಲ್ ಕಳಿಸಬೇಕು ಅಂತ ಓರೆಗಾನ್ ರಾಜ್ಯ ಕಾನೂನು ಮಾಡಿದೆ. ಬೇರೆ ರಾಜ್ಯದಲ್ಲಿದ್ದರೆ, ಬಿಲ್ ಬಂದ ಕೂಡಲೇ ಕಟ್ಟಬೇಡಿ. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದ ಐಟಮೈಸ್ಡ್ ಬಿಲ್ ಕೇಳಿ, ಬಿಲ್ ಬಿಡಿ ಅಂತ ಕೇಳುವ ಫೈನಾನ್ಶಿಯಲ್ ಅಸಿಸ್ಟೆನ್ಸ್ ಫಾರ್ಮ್ ಕೇಳಿ, ಫೋನಲ್ಲಿ ಮಾತಾಡಿದವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ. ಅಪ್ಪ ಅಮ್ಮ ಅಲ್ಲಿಗೆ ಹೋಗುವುದಿದ್ದರೆ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಹಳೆ ಬಿಪಿ, ಶುಗರ್ ಕಾಯಿಲೆಗೆ ಏನು ಕೊಡುತ್ತಾರೆ ಅಂತ ಓದಿ ತಗೊಳ್ಳಿ. ಸಾಮಾನ್ಯವಾಗಿ ತುಂಬಾ ಕಮ್ಮಿ.