ಪಿಡಿಎಫ್ ಸಹಿಯನ್ನು ಮೂರನೆಯವರು ಪರಿಶೀಲಿಸುವುದು ಹೇಗೆ?

ಪ್ರಶ್ನೆ: ಇಬ್ಬರು ಎಲೆಕ್ಟ್ರಾನಿಕ್ ಸಹಿ ಹಾಕಿದ ಒಪ್ಪಂದವನ್ನು ಲೆಕ್ಕಪರಿಶೋಧಕರು ಪರಿಶೀಲಿಸಬೇಕಂತೆ. ಮುದ್ರಿಸಿ ಸ್ಕ್ಯಾನ್ ಮಾಡಿ ಕಳಿಸಿದರೆ ಸಾಕೇ?

ಉತ್ತರ: ಸಾಲದು. ಕಾಗದದ ಮೇಲೆ ಉಳಿಯುವುದು ಸಹಿಯ ಚಿತ್ರ ಮಾತ್ರ. ನಿಜವಾದ ಸಹಿ ಇರುವುದು ಕಡತದೊಳಗಿನ ದತ್ತಾಂಶದಲ್ಲಿ. ‘ಪ್ರಿಂಟ್ ಟು ಪಿಡಿಎಫ್’ ಮಾಡಿದರೂ ಅದು ಅಳಿಸಿಹೋಗುತ್ತದೆ. ಮೂಲ ಕಡತವನ್ನೇ ಕಳಿಸಿ.

ಪರಿಶೀಲಿಸುವವರು ಪಿಡಿಎಫ್ ರೀಡರ್‌ನ ಸಹಿ ಫಲಕ ತೆರೆದಾಗ ತಂತ್ರಾಂಶವು ಕಡತದ ಹ್ಯಾಶ್ ಅನ್ನು (ವಿಷಯದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಮತ್ತೆ ಲೆಕ್ಕಹಾಕಿ, ಸಹಿಯೊಳಗಿನದಕ್ಕೆ ಹೋಲಿಸುತ್ತದೆ. ಸಹಿಗೆ ಒಳಪಟ್ಟ ಭಾಗದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಎರಡೂ ತಾಳೆಯಾಗುವುದಿಲ್ಲ. ಸಹಿಯ ನಂತರ ಏನಾದರೂ ಸೇರಿಸಿದ್ದರೆ ‘ಸಹಿ ಮಾಡಿದ ಆವೃತ್ತಿ’ಯನ್ನು ತೆರೆದು ಹೋಲಿಸಬೇಕು.

ಹ್ಯಾಶ್ ತಾಳೆಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾರ ಹೆಸರಿನಲ್ಲಿ ಬೇಕಾದರೂ ಪ್ರಮಾಣಪತ್ರವನ್ನು (ಸಹಿ ಯಾರದೆಂದು ಹೇಳುವ ಡಿಜಿಟಲ್ ದಾಖಲೆ) ಸ್ವತಃ ತಯಾರಿಸಿಕೊಳ್ಳಬಹುದು! ಆದ್ದರಿಂದ ಅದನ್ನು ಕೊಟ್ಟ ಸಂಸ್ಥೆ ನಂಬಿಕಸ್ಥ ಪಟ್ಟಿಯಲ್ಲಿದೆಯೇ, ಸಹಿಯ ಹೊತ್ತಿಗೆ ಪ್ರಮಾಣಪತ್ರ ರದ್ದಾಗಿತ್ತೇ ಎಂದು ನೋಡುವುದು ಕಡ್ಡಾಯ. ಹೆಚ್ಚಿನವರು ಎಡವುವುದು ಇಲ್ಲೇ.

ಸಮಯಮುದ್ರೆಯನ್ನೂ (ಸಹಿಯ ವೇಳೆಯನ್ನು ಸ್ವತಂತ್ರ ಸೇವೆಯೊಂದು ದೃಢಪಡಿಸುವ ಗುರುತು) ಗಮನಿಸಿ. ಅದಿಲ್ಲದಿದ್ದರೆ ಕಾಣುವ ವೇಳೆ ಸಹಿ ಹಾಕಿದವರ ಕಂಪ್ಯೂಟರ್ ಗಡಿಯಾರದ್ದು. ಅದನ್ನು ಯಾರಾದರೂ ತಿರುಗಿಸಬಹುದು. ಪ್ರಮಾಣಪತ್ರದ ಅವಧಿ ಮುಗಿದ ಮೇಲೂ ಸಹಿ ಊರ್ಜಿತವೆಂದು ತೋರಿಸಲು ಸಮಯಮುದ್ರೆಯ ಜೊತೆ ರದ್ದತಿ ಮಾಹಿತಿಯೂ ಕಡತದಲ್ಲೇ ಇರಬೇಕು. ಸಹಿ ಹಾಕುವಾಗಲೇ ಇವನ್ನು ಸೇರಿಸಿಬಿಡುವುದು ಜಾಣತನ.

ಬರೀ ಗುಂಡಿ ಒತ್ತಿ ಸಹಿ ಹಾಕುವ ಜಾಲತಾಣ ಬಳಸಿದ್ದರೆ, ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ಆ ಸೇವೆಯ ಹೆಸರೇ ಇರುತ್ತದೆ, ಸಹಿದಾರರದ್ದಲ್ಲ. ಆಗ ಇಮೇಲ್, ಐಪಿ ವಿಳಾಸ, ವೇಳೆ ದಾಖಲಾದ ಚಟುವಟಿಕೆ ವರದಿಯನ್ನೂ ಒಪ್ಪಂದದ ಜೊತೆ ಕಳಿಸಿ.