ಜರ್ಮನಿಯಲ್ಲಿ ಫೀಸಿಲ್ಲ, ಆದರೆ ಗಂಟು ಬೇಕು

ಪ್ರಶ್ನೆ: ಮಗ ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್ ಏಳನೇ ಸೆಮಿಸ್ಟರ್, ಸಿಜಿಪಿಎ 7.6. ಜರ್ಮನಿಯಲ್ಲಿ ಎಂ.ಎಸ್.ಗೆ ಫೀಸೇ ಇಲ್ಲವಂತೆ, ಹೌದೇ? ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು, ಕುಂದಾಪುರ

ಉತ್ತರ: ಹೆಚ್ಚಿನ ಸರಕಾರಿ ವಿವಿಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ಮ್ಯೂನಿಕ್ ತಾಂತ್ರಿಕ ವಿವಿಯೂ 2024ರಿಂದ ಶುಲ್ಕ ಪಡೆಯುತ್ತಿದೆ. ಫೀಸಿಲ್ಲದ ಕಡೆಯೂ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ವರ್ಷದ ಖರ್ಚೆಂದು 11,904 ಯೂರೊ ಮೊದಲೇ ಇಡಬೇಕು. ಅದು ಹೋದ ಹಣವಲ್ಲ, ತಿಂಗಳಿಗೆ 992 ಯೂರೊದಂತೆ ಮಗನ ಕೈಗೇ ಬರುತ್ತದೆ. ಈ ಹಣ ವಿದೇಶಕ್ಕೆ ಕಳಿಸಲು ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬುವಾಗ ಉದ್ದೇಶದ ಜಾಗದಲ್ಲಿ ‘ವಿದೇಶ ವ್ಯಾಸಂಗ’ ಎಂದೇ ಇರಲಿ. ಬೇರೆ ಉದ್ದೇಶದ ಕೋಡ್ ಬಿದ್ದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲು ಮಾಡುವ ತೆರಿಗೆ) ಹೆಚ್ಚು ಕಡಿತವಾಗುತ್ತದೆ.

ಶುರು ಮಾಡಬೇಕಾದ್ದು ಎಪಿಎಸ್ ಪ್ರಮಾಣಪತ್ರದಿಂದ, ಅಂದರೆ ಮಗನ ಅಂಕಪಟ್ಟಿ, ಪದವಿ ಕಾಗದಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರದಿಂದ. 2022ರ ನವೆಂಬರಿನಿಂದ ಇದಿಲ್ಲದೆ ವಿದ್ಯಾರ್ಥಿ ವೀಸಾ ಇಲ್ಲ. ಶುಲ್ಕ 18,000 ರೂ. ಕರಾವಳಿಯವರು ಎಡವುವುದು ಹೆಸರಿನಲ್ಲಿ: ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು, ಆಧಾರಿನಲ್ಲಿ ಇನ್ನೊಂದು. ಕಾಗದ ಕಳಿಸುವ ಮೊದಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಪಾಸ್‌ಪೋರ್ಟ್ ರಿ-ಇಶ್ಯೂಗೆ ಮಂಗಳೂರಿನ ಸೇವಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಇದಕ್ಕೂ ವಾರಗಳು ಬೇಕು.

7.6ಕ್ಕೆ ಅಲ್ಲಿ ಎಷ್ಟಾಗುತ್ತದೆ? ಗರಿಷ್ಠ ಅಂಕದಿಂದ (ಇಲ್ಲಿ 10) ಮಗನ ಅಂಕ ಕಳೆದು, ಗರಿಷ್ಠ ಮತ್ತು ಪಾಸ್ ಅಂಕದ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ 1 ಕೂಡಿಸಿ. ಪಾಸ್ ಅಂಕ 4 ಎಂದು ಹಿಡಿದರೆ 2.2, 5 ಎಂದು ಹಿಡಿದರೆ 2.44. ಅಲ್ಲಿ ಅಂಕ ಚಿಕ್ಕದಾದಷ್ಟೂ ಒಳ್ಳೆಯದು. ಅನೇಕ ಕೋರ್ಸ್‌ಗಳು 2.5ರ ಗೆರೆ ಹಾಕುವುದರಿಂದ ಮಗ ಒಳಗಿದ್ದಾನೆ, ಅಂಚಿನಲ್ಲಿ. ಎಂಟನೇ ಸೆಮಿಸ್ಟರ್ ಹಗುರವಾಗಿ ಬಿಡಬೇಡಿ. ಅಕ್ಟೋಬರಿನ ಬ್ಯಾಚಿಗೆ ಜುಲೈ 15 ಕೊನೆ ಎಂಬ ಮಾತು ನಂಬಿ ಕೂರುವುದೂ ಬೇಡ, ವಿದೇಶಿಯರಿಗೆ ಬಹಳ ಕೋರ್ಸ್‌ಗಳು ಅದಕ್ಕೂ ಮೊದಲೇ ಮುಚ್ಚುತ್ತವೆ. ಹಲವು ವಿವಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕವಾದರೆ ಮೊದಲ ಅರ್ಜಿಗೆ 75, ನಂತರ ಪ್ರತಿಯೊಂದಕ್ಕೆ 30 ಯೂರೊ. ಹತ್ತು ಕಡೆ ಹಾಕುವ ಬದಲು ಸಿಲೆಬಸ್ ಹೊಂದುವ ಐದು ಕಡೆ ಸಾಕು.

ಪ್ರಶ್ನೆ: ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಹೋದರೆ ಇಲ್ಲಿ ವರ್ಷ ನಷ್ಟವಾಗುತ್ತದೆಯೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಒಪ್ಪಂದ ಇರುವ ಕಾಲೇಜಾದರೆ ಸಾಮಾನ್ಯವಾಗಿ ಫೀಸು ಇಲ್ಲಿಗೇ ಕಟ್ಟುತ್ತೀರಿ, ವಸತಿ, ವಿಮೆ, ವಿಮಾನ ನಿಮ್ಮದು. ವರ್ಷ ಉಳಿಯುವುದು ಲರ್ನಿಂಗ್ ಅಗ್ರಿಮೆಂಟಿನ ಮೇಲೆ, ಅಂದರೆ ಅಲ್ಲಿ ಓದುವ ವಿಷಯಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವ ಬಗೆಗಿನ ಲಿಖಿತ ಒಪ್ಪಂದದ ಮೇಲೆ. ಯುರೋಪಿನಲ್ಲಿ ಸೆಮಿಸ್ಟರಿಗೆ 30 ಇಸಿಟಿಎಸ್ (ಅಲ್ಲಿನ ಸಾಮಾನ್ಯ ಅಳತೆಯ) ಕ್ರೆಡಿಟ್. ಯಾವ ವಿಷಯಕ್ಕೆ ಇಲ್ಲಿನ ಯಾವ ವಿಷಯ ಬದಲು ಎಂದು ಹೊರಡುವ ಮೊದಲೇ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ. ಅಲ್ಲಿ ಹೋದ ಮೇಲೆ ಒಂದು ಕೋರ್ಸ್ ರದ್ದಾದರೆ ಮೊದಲ ವಾರಗಳಲ್ಲೇ ಹೊಸ ಸಹಿ ಬೇಕು. ಮರಳಿ ಬಂದು ಕೇಳಿದರೆ ಯಾರೂ ಒಪ್ಪುವುದಿಲ್ಲ.